ಫಾರಂ 4ರಲ್ಲಿ ನಾನು ಬರೆದ ಸೊನ್ನೆ: ತುಮಕೂರು ಜಿಲ್ಲಾಧಿಕಾರಿಗಳಿಗೆ ಒಬ್ಬ ನರ್ಸ್ ಬರೆದ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ.

ನಾನು ಸ್ಟಾಫ್ ನರ್ಸ್. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಹದಿನಾಲ್ಕು ವರ್ಷ ಆಯಿತು. ಶಿರಾ, ಮಧುಗಿರಿ, ಪಾವಗಡ ಕಡೆಯ ನಾಲ್ಕು ಖಾಸಗಿ ನರ್ಸಿಂಗ್ ಹೋಂಗಳಲ್ಲಿ ಕೆಲಸ ಮಾಡಿದ್ದೇನೆ. ಪತ್ರಕ್ಕೆ ಹೆಸರು ಹಾಕಿಲ್ಲ, ಕ್ಷಮಿಸಿ. ನಾಳೆ ಬೆಳಗ್ಗೆ ಏಳೂವರೆಗೆ ನನಗೆ ಡ್ಯೂಟಿ ಇದೆ. ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಆ ಒಂದು ಕಡೆಗೆ ಜೀಪು ಹೋಗಿ ನೋಟಿಸು ಅಂಟಿಸಿ ಬರುತ್ತದೆ. ಉಳಿದವರು ಸದ್ಯ ನಾವು ಬಚಾವಾದೆವು ಅಂದುಕೊಂಡು ಸುಮ್ಮನಾಗುತ್ತಾರೆ. ನಾನು ಹೇಳಹೊರಟಿರುವುದು ಒಂದು ಕಟ್ಟಡದ ಕಥೆ ಅಲ್ಲ. ಆಸ್ಪತ್ರೆ ಕೆಲಸದವರಿಗೆ ಬಳಸಿದ ಸೂಜಿ ಚುಚ್ಚುವುದು, ಅದು ಯಾವ ದಾಖಲೆಗೂ ಬಾರದೆ ಹೋಗುವುದು, ಇದರ ಕಥೆ.

ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ) ಅವರಿಗೆ ಬರೆಯದೆ ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಎರಡು ಕುರ್ಚಿ ನಿಮ್ಮದೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ (ಅಂದರೆ ಆಸ್ಪತ್ರೆಯ ಕಸ) ನಿರ್ವಹಣಾ ನಿಯಮಗಳ ಪ್ರಕಾರ ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿ ಇರಬೇಕು. ಅದು ಜಿಲ್ಲಾಧಿಕಾರಿಗಳ ಮುಂದಾಳತ್ವದಲ್ಲಿ ನಡೆಯುತ್ತದೆ. ಆರು ತಿಂಗಳಿಗೊಮ್ಮೆ ರಾಜ್ಯಕ್ಕೆ ವರದಿ ಕೊಡಬೇಕು. ಇನ್ನೊಂದು ಕುರ್ಚಿ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಾಧಿಕಾರದ್ದು. ಖಾಸಗಿ ಆಸ್ಪತ್ರೆ ಬಾಗಿಲು ತೆರೆಯಬೇಕಾದರೆ ಅಲ್ಲಿ ನೋಂದಣಿ ಆಗಬೇಕು, ಅದಕ್ಕೂ ನೀವೇ ಅಧ್ಯಕ್ಷರು. ಕಸದ ಬೀಗದ ಕೈಯೂ ನಿಮ್ಮ ಹತ್ತಿರ ಇದೆ, ಬಾಗಿಲಿನ ಬೀಗದ ಕೈಯೂ ನಿಮ್ಮ ಹತ್ತಿರ ಇದೆ.

ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಜೂನ್ 30ರ ಒಳಗೆ ಎಲ್ಲ ಆಸ್ಪತ್ರೆಗಳೂ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ವಾರ್ಷಿಕ ವರದಿ ಕೊಡಬೇಕು. ಫಾರಂ 4 ಅಂತ ಅದರ ಹೆಸರು. ಹಳದಿ ಚೀಲ ಎಷ್ಟು ಕೆಜಿ, ಕೆಂಪು ಎಷ್ಟು, ಸೂಜಿ ಬ್ಲೇಡು ಎಷ್ಟು, ಗಾಜು ಎಷ್ಟು ಅಂತೆಲ್ಲ ಅದರಲ್ಲಿ ಇರುತ್ತದೆ. ಎಷ್ಟು ಜನಕ್ಕೆ ತರಬೇತಿ ಕೊಟ್ಟಿರಿ ಅಂತಲೂ ಇದೆ. ಅದೇ ಫಾರಂನಲ್ಲಿ ಆ ವರ್ಷ ಆದ ಅಪಘಾತಗಳಿಗೆ ಒಂದು ಕಾಲಂ ಇದೆ. ಎಷ್ಟು ಆಯಿತು, ಎಷ್ಟು ಜನಕ್ಕೆ ಆಯಿತು, ಏನು ಕ್ರಮ ತೆಗೆದುಕೊಂಡಿರಿ ಅಂತ ಕೇಳುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ಕಂಪ್ಯೂಟರ್ ಕೆಲಸದ ಹುಡುಗಿ ಹೆರಿಗೆ ರಜೆಯಲ್ಲಿದ್ದಳು. ಮ್ಯಾನೇಜರ್ ನನ್ನನ್ನು ಕರೆದು ಫಾರಂ ಕೈಗಿಟ್ಟರು. "ಹೋದ ವರ್ಷದ್ದು ಫೈಲಲ್ಲಿದೆ ಸಿಸ್ಟರ್, ನೋಡ್ಕೊಂಡು ಹಂಗೇ ಬರೀರಿ" ಅಂದರು. ನೋಡಿದೆ. ಅಪಘಾತದ ಕಾಲಂನಲ್ಲಿ ಸೊನ್ನೆ. ಅದರ ಹಿಂದಿನ ವರ್ಷವೂ ಸೊನ್ನೆ. ಅದಕ್ಕೂ ಹಿಂದಿನದು ತೆಗೆದೆ, ಅಲ್ಲೂ ಸೊನ್ನೆ. ತರಬೇತಿ ಕಾಲಂನಲ್ಲಿ ಮಾತ್ರ ನಮ್ಮ ಎಲ್ಲ ಸಿಬ್ಬಂದಿಯ ಲೆಕ್ಕ ಸರಿಯಾಗಿ ತುಂಬಿತ್ತು. ಆ ತರಬೇತಿ ನಡೆದಿದ್ದು ಯಾವಾಗ ಅಂತ ನಾನು ಇವತ್ತಿಗೂ ನೆನಪು ಮಾಡಿಕೊಳ್ಳುತ್ತಿದ್ದೇನೆ.

ಆ ವರ್ಷ ನನ್ನ ಕಣ್ಣೆದುರಿಗೇ ಐದು ಜನಕ್ಕೆ ಸೂಜಿ ಚುಚ್ಚಿತ್ತು. ಐವರಲ್ಲಿ ನಾನೂ ಒಬ್ಬಳು. ಆದರೂ ಪೆನ್ನು ತೆಗೆದುಕೊಂಡು ಸೊನ್ನೆ ಬರೆದೆ. ಸೀಲು ಬಿತ್ತು, ಸಹಿ ಬಿತ್ತು, ಫಾರಂ ಹೋಯಿತು.

ಐದರಲ್ಲಿ ಮೂರು ಬೇಗ ಹೇಳಿ ಮುಗಿಸುತ್ತೇನೆ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಇಂಜೆಕ್ಷನ್ ಕೊಟ್ಟು, ಎರಡೂ ಕೈಯಿಂದ ಸೂಜಿಗೆ ಕ್ಯಾಪ್ ಹಾಕಲು ಹೋಗಿ ಎಡಗೈ ಹೆಬ್ಬೆರಳಿಗೆ ಚುಚ್ಚಿಕೊಂಡಳು. ಬಳಸಿದ ಸೂಜಿಗೆ ಕ್ಯಾಪ್ ಹಾಕಲೇಬಾರದು ಅಂತ ಮೊದಲ ವರ್ಷವೇ ಓದಿಸುತ್ತಾರೆ. ಆದರೆ ವಾರ್ಡಿನಲ್ಲಿ ಸೂಜಿ ಬಿಸಾಡುವ ಡಬ್ಬ ಒಂದು ತುದಿಯಲ್ಲಿ, ಪೇಷೆಂಟ್ ಇನ್ನೊಂದು ತುದಿಯಲ್ಲಿ. ತೆರೆದ ಸೂಜಿ ಹಿಡಿದುಕೊಂಡು ಇಪ್ಪತ್ತು ಹೆಜ್ಜೆ ನಡೆಯುವುದಕ್ಕಿಂತ ಕ್ಯಾಪ್ ಹಾಕುವುದೇ ವಾಸಿ ಅಂತ ಅವಳಿಗೆ ಅನ್ನಿಸಿತು. ತಪ್ಪು ಅವಳದು ಅಂದರು. ಡಬ್ಬ ಅಲ್ಲಿಟ್ಟವರ ಬಗ್ಗೆ ಯಾರೂ ಮಾತಾಡಲಿಲ್ಲ. ಲ್ಯಾಬಿನ ಹುಡುಗನಿಗೆ, ತುಂಬಿ ಹೋಗಿದ್ದ ಡಬ್ಬಕ್ಕೆ ಇನ್ನೊಂದು ಸೂಜಿ ಒತ್ತುವಾಗ ಕೆಳಗಿನ ಸೂಜಿ ಎದ್ದು ಅಂಗೈಗೆ ತಾಗಿತು. ಮುಕ್ಕಾಲು ತುಂಬಿದ ಕೂಡಲೇ ಡಬ್ಬ ಮುಚ್ಚಿ ಬೇರೆ ಇಡಬೇಕು. ನಮ್ಮಲ್ಲಿ ಬೇರೆ ಡಬ್ಬ ಇದ್ದರೆ ತಾನೇ! ಓಟಿ ಹುಡುಗನಿಗೆ ಹೊಲಿಗೆ ಸೂಜಿ ಚುಚ್ಚಿದ್ದು, ಆಪರೇಷನ್ ಮುಗಿದ ಮೇಲೆ ಬಟ್ಟೆ ಮಡಚುವಾಗ.

ನಾಲ್ಕನೆಯದು ನನ್ನದು. ರಾತ್ರಿ ಎರಡು ಗಂಟೆ. ವಾರ್ಡಿಗೆಲ್ಲ ನಾನೊಬ್ಬಳೇ. ಜ್ವರ ಜಾಸ್ತಿಯಾಗಿ ನಡುಗುತ್ತಿದ್ದ ಒಬ್ಬರಿಗೆ ಕ್ಯಾನುಲಾ, ಅಂದರೆ ಡ್ರಿಪ್ ಕೊಡಲು ನರಕ್ಕೆ ಚುಚ್ಚುವ ಕೊಳವೆ ಹಾಕುತ್ತಿದ್ದೆ. ಅವರು ಕೈ ಎಳೆದುಕೊಂಡರು. ರಕ್ತ ಇದ್ದ ಸೂಜಿ ನನ್ನ ತೋರುಬೆರಳಿಗೆ ಹೋಯಿತು. ಆಗ ನಾನು ಮಾಡಿದ್ದನ್ನು ಹೇಳಲು ನಾಚಿಕೆ ಆಗುತ್ತದೆ. ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆದೆ. ಸ್ಪಿರಿಟ್ ಸುರಿದುಕೊಂಡೆ. ಎರಡೂ ಮಾಡಬಾರದು. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಬೇಕು, ಅಷ್ಟೇ. ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು, ಬ್ಲೀಚಿಂಗ್, ಸ್ಪಿರಿಟ್ ಏನೂ ಹಾಕಬಾರದು. ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದವಳು ನಾನು. ಚುಚ್ಚಿದ ಗಳಿಗೆಯಲ್ಲಿ ಓದಿದ್ದೆಲ್ಲ ಮರೆತು, ಚಿಕ್ಕಂದಿನಲ್ಲಿ ಮುಳ್ಳು ಚುಚ್ಚಿದಾಗ ಅಜ್ಜಿ ಮಾಡುತ್ತಿದ್ದದ್ದೇ ನೆನಪಾಯಿತು. ಬೆಳಗ್ಗೆ ಯಾರಿಗೂ ಹೇಳಲಿಲ್ಲ. ಆ ಪೇಷೆಂಟ್‌ದು ಬೇರೆ ಕಾರಣಕ್ಕೆ ಮಾಡಿಸಿದ್ದ ರಕ್ತ ಪರೀಕ್ಷೆ ಇತ್ತು, ಕದ್ದು ನೋಡಿದೆ. ಎಲ್ಲ ನೆಗೆಟಿವ್. ದೇವರು ದೊಡ್ಡವನು ಅಂತ ಸುಮ್ಮನಾದೆ. ಅದೂ ತಪ್ಪೇ, ಗೊತ್ತು.

ಯಾಕೆ ಹೇಳಲಿಲ್ಲ? ಹೇಳಿದವರಿಗೆ ಏನಾಗುತ್ತದೆ ಅಂತ ನೋಡಿದ್ದೆ. ಹೊಸ ಹುಡುಗಿಗೆ ಎಲ್ಲರ ಮುಂದೆ ಬೈಗುಳ. ಲ್ಯಾಬ್ ಹುಡುಗನ ಪರೀಕ್ಷೆಯ ದುಡ್ಡು ಅವನ ಸಂಬಳದಲ್ಲೇ ಮುರಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಜ್ವರ ಬಂದ ಎತ್ತಿಗೇ ಬರೆ.

ಐದನೆಯದನ್ನು ನಿಧಾನವಾಗಿ ಹೇಳಬೇಕು. ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ನಮ್ಮಲ್ಲಿ ಒಬ್ಬ ಆಯಾ ಇದ್ದರು. ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದೆವು. ನಲವತ್ತರ ಆಸುಪಾಸು. ಏಜೆನ್ಸಿ ಮೂಲಕ ಬಂದವರು. ನೆಲ ಒರೆಸುವುದು, ಬೆಡ್‌ಪ್ಯಾನ್, ಕಸ, ಎಲ್ಲ ಅವರದ್ದೇ. ಒಂದು ರಾತ್ರಿ ಒಂಬತ್ತೂವರೆ ಹೊತ್ತಿಗೆ ಕಸದ ಚೀಲ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದರು. ಅದು ಕಪ್ಪು ಚೀಲ, ಊಟದ ಎಲೆ, ಕಾಗದ ಹಾಕುವಂಥದ್ದು. ನಡೆಯುವಾಗ ಚೀಲ ಕಾಲಿಗೆ ತಾಗಿತು. ಒಳಗಿದ್ದ ಸೂಜಿ ಸೀರೆ ದಾಟಿ ಮೀನಖಂಡಕ್ಕೆ ಹೋಯಿತು. ದಪ್ಪ ಸೂಜಿ, ರಕ್ತ ತೆಗೆಯುವಂಥದ್ದು. ಯಾರ ಕೈಯಿಂದ ತೆಗೆದದ್ದು, ಯಾವಾಗ ತೆಗೆದದ್ದು, ಯಾರು ಹಾಕಿದ್ದು, ಒಂದೂ ಗೊತ್ತಿಲ್ಲ.

ಸೂಜಿಗೆ ಬೇರೆ ಡಬ್ಬ ಅಂತ ನಿಯಮವೇ ಇದೆ. ಬಿಳಿ ಬಣ್ಣದ್ದು, ಒಳಗಿದ್ದದ್ದು ಕಾಣುವಂಥದ್ದು, ಚುಚ್ಚಿದರೆ ತೂತಾಗದಂಥದ್ದು. ಸಿರಿಂಜಿನ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ಗಾಜು ನೀಲಿಗೆ, ರಕ್ತದ ಹತ್ತಿ ಹಳದಿಗೆ. ನಮ್ಮಲ್ಲಿ ಬಿಳಿ ಡಬ್ಬ ಮುಗಿದು ಎಷ್ಟೋ ದಿನ ಆಗಿತ್ತು. ಖಾಲಿಯಾದ ಫಿನಾಯಿಲ್ ಕ್ಯಾನಿಗೆ ತೂತು ಕೊರೆದು ಸೂಜಿ ಹಾಕುತ್ತಿದ್ದೆವು. ಸೂಜಿ ಕತ್ತರಿಸುವ ಮೆಷಿನ್ ಒಂದು ಇತ್ತು. ಕೆಟ್ಟು ಹೋಗಿ ಅದರ ಮೇಲೆ ರಿಜಿಸ್ಟರ್ ಇಡುತ್ತಿದ್ದೆವು. ಇನ್ಸ್‌ಪೆಕ್ಷನ್ ದಿನ ರಿಜಿಸ್ಟರ್ ಕೆಳಗಿಳಿಯುತ್ತಿತ್ತು.

ಮ್ಯಾನೇಜರ್ ಬಂದು ನೋಡಿದರು. "ಸಣ್ಣ ಗಾಯ. ಒಂದು ಟಿಟಿ ಹಾಕಿ ಮನೆಗೆ ಕಳಿಸಿ" ಅಂದರು.

ಸ್ವಾಮಿ, ಈ ಟಿಟಿಯ ಬಗ್ಗೆ ಒಂದು ಮಾತು. ನಮ್ಮ ಕಡೆ ಮೊಳೆ ಚುಚ್ಚಿದರೂ ಟಿಟಿ, ಸೂಜಿ ಚುಚ್ಚಿದರೂ ಟಿಟಿ. ಟಿಟಿ ತಡೆಯುವುದು ಧನುರ್ವಾಯುವನ್ನು. ಬೇರೆಯವರ ರಕ್ತ ಇದ್ದ ಸೂಜಿಯಿಂದ ಮುಖ್ಯವಾಗಿ ಹೆದರಬೇಕಾದ್ದು ಮೂರಕ್ಕೆ: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ. ಮೂರಕ್ಕೂ ಟಿಟಿಯಿಂದ ಏನೂ ಪ್ರಯೋಜನ ಇಲ್ಲ. ಟಿಟಿ ಹಾಕಿಸಿಕೊಂಡವರು ಚಿಕಿತ್ಸೆ ಆಯಿತು ಅಂದುಕೊಂಡು ಮನೆಗೆ ಹೋಗಿ ಮಲಗುತ್ತಾರೆ. ನಿಜವಾದ ಔಷಧಿಯ ಹೊತ್ತು ಅಲ್ಲಿ ಕಳೆದು ಹೋಗುತ್ತದೆ.

ನನಗೂ ಆ ರಾತ್ರಿ ಪೂರ್ತಿ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಯಲ್ಲಿರುವ ನನ್ನ ಬ್ಯಾಚಿನವಳಿಗೆ ಫೋನ್ ಮಾಡಿದೆ. ಅವಳು ಒಂದೇ ಉಸಿರಿಗೆ ಹೇಳಿದಳು. ಎಚ್‌ಐವಿ ತಡೆಯುವ ಮಾತ್ರೆ ಇದೆ, ಪೆಪ್ ಅಂತಾರೆ. ಎರಡು ಗಂಟೆಯ ಒಳಗೆ ಮೊದಲ ಡೋಸ್ ನುಂಗಿದರೆ ಬಹಳ ಒಳ್ಳೆಯದು. 72 ಗಂಟೆ ದಾಟಿದರೆ ಉಪಯೋಗ ಇಲ್ಲ. ಶುರು ಮಾಡಿದ ಮೇಲೆ 28 ದಿನ ಬಿಡದೆ ತೆಗೆದುಕೊಳ್ಳಬೇಕು. ತಕ್ಷಣ ಒಂದು ರಕ್ತ ಪರೀಕ್ಷೆ ಆಗಲೇಬೇಕು, ಇವತ್ತಿನ ದಿನ ಇವರಿಗೆ ಏನೂ ಇರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕಲ್ವಾ? ಆಮೇಲೆ ಕೇಳಿದಳು, "ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ?"

ಅಕ್ಕನನ್ನು ಕೇಳಿದೆ. "ಕೊರೊನಾದ್ದು ಎರಡು ಹಾಕ್ಸಿದೀನಿ ಕಣಮ್ಮ" ಅಂದರು.

ಮ್ಯಾನೇಜರ್ ಜೊತೆ ಮಾತಿಗೆ ಮಾತು ಬೆಳೆದು ಹನ್ನೊಂದು ಗಂಟೆ ಆಯಿತು. ಅವರು ಏಜೆನ್ಸಿಯವರನ್ನು ಕೇಳಿ ಅಂದರು. ಏಜೆನ್ಸಿಯವನು ಫೋನಿನಲ್ಲಿ, ಚುಚ್ಚಿದ್ದು ನಿಮ್ಮ ಆಸ್ಪತ್ರೆ ಸೂಜಿ ತಾನೇ ಅಂದ. ಕೊನೆಗೆ ಅಕ್ಕನ ಮೈದುನ ಯಾರದೋ ಕಾರು ತಂದರು. ಪಾವಗಡದಿಂದ ತುಮಕೂರಿಗೆ ದಾರಿ ನಿಮಗೆ ಗೊತ್ತೇ ಇದೆ. ಮಧುಗಿರಿ, ಕೊರಟಗೆರೆ ದಾಟಿ ಹತ್ತಿರ ಹತ್ತಿರ ನೂರು ಕಿಲೋಮೀಟರ್. ನಮ್ಮ ತಾಲ್ಲೂಕಿನ ಮೂರು ಕಡೆ ಆಂಧ್ರ, ಜಿಲ್ಲಾ ಕೇಂದ್ರ ಮಾತ್ರ ಅಷ್ಟು ದೂರ. ಎರಡು ಗಂಟೆಯ ಗಡುವು ದಾರಿ ಹಿಡಿಯುವ ಮೊದಲೇ ಮುಗಿಯುತ್ತಾ ಬಂದಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಮೊದಲ ಮಾತ್ರೆ ನುಂಗಿದಾಗ ರಾತ್ರಿ ಎರಡು ಗಂಟೆಯಾಗಿತ್ತು. ಅಲ್ಲಿನ ಡ್ಯೂಟಿ ಡಾಕ್ಟರ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಸಣ್ಣ ವಯಸ್ಸಿನವರು. ಯಾಕೆ, ಏನು, ಯಾರ ತಪ್ಪು ಅಂತ ಏನೂ ಕೇಳಲಿಲ್ಲ. ಕೂರಿಸಿ, ನೀರು ಕೊಟ್ಟು, ಮಾತ್ರೆ ಕೊಟ್ಟರು. ಆಮೇಲೆ ರಕ್ತ ತೆಗೆದರು. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸನ್ನೂ ಹಾಕಿಸಿದರು. ಹಾಗೆ ಮಾತಾಡುತ್ತಾ ಕೇಳಿದರು, "ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಇರುತ್ತಲ್ಲ, ಯಾಕೆ ಇಷ್ಟು ದೂರ ಬಂದ್ರಿ?"

ಊರಿಗೆ ಬಂದ ಮೇಲೆ ವಿಚಾರಿಸಿದೆ. ಹೌದು, ಇತ್ತಂತೆ. ನಮ್ಮ ನರ್ಸಿಂಗ್ ಹೋಂನಿಂದ ನಡೆದು ಹೋದರೆ ಹತ್ತು ನಿಮಿಷ. ಆ ಬಾಗಿಲ ಮುಂದೆಯೇ ನಮ್ಮ ಕಾರು ಹೋಗಿತ್ತು. ಅಲ್ಲಿ ಮಾತ್ರೆ ಇದೆ ಅಂತ ನನಗೆ ಗೊತ್ತಿರಲಿಲ್ಲ, ನಮ್ಮ ಡಾಕ್ಟರಿಗೆ ಗೊತ್ತಿರಲಿಲ್ಲ, ಮ್ಯಾನೇಜರಿಗಂತೂ ಗೊತ್ತಿರುವ ಮಾತೇ ಇಲ್ಲ. ಮಾತ್ರೆ ತರಿಸಿ ಇಟ್ಟ ಸರ್ಕಾರ ಒಂದು ಕಾಗದ ಬರೆದು ಊರಿನ ಆಸ್ಪತ್ರೆಗಳಿಗೆಲ್ಲ ಅಂಟಿಸಲಿಲ್ಲ. ಅಂಟಿಸಿದ್ದರೆ ಆ ರಾತ್ರಿ ನಾಲ್ಕೂವರೆ ಗಂಟೆ ಉಳಿಯುತ್ತಿತ್ತು.

28 ದಿನ ಅಕ್ಕ ಮಾತ್ರೆ ತೆಗೆದುಕೊಂಡರು. ಮೊದಲ ವಾರ ವಾಕರಿಕೆ, ತಲೆಸುತ್ತು. ಅದಕ್ಕಿಂತ ದೊಡ್ಡ ಕಷ್ಟ, ಮಾತ್ರೆ ಬಚ್ಚಿಡುವುದು. ರಾಗಿ ಡಬ್ಬದ ಒಳಗೆ ಇಟ್ಟಿದ್ದರು. ಸೊಸೆ ನೋಡಿ ಕೇಳಿದ್ದಕ್ಕೆ ಗ್ಯಾಸ್ಟ್ರಿಕ್‌ದು ಅಂದರಂತೆ. ಡಬ್ಬಿಯ ಮೇಲಿನ ಹೆಸರು ಗೂಗಲ್ ಮಾಡುವ ಮಕ್ಕಳಿರುವ ಕಾಲ ಇದು. ತುಮಕೂರಿಗೆ ಹೋಗಿ ಬಂದ ದಿನ, ಸುಸ್ತಾಗಿ ಮಲಗಿದ ದಿನ, ಎಲ್ಲ ಸೇರಿಸಿ ಏಜೆನ್ಸಿ ನಾಲ್ಕು ದಿನದ ಕೂಲಿ ಹಿಡಿಯಿತು. ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ರಕ್ತ ಪರೀಕ್ಷೆ ಆಯಿತು. ಮೂರೂ ಸಲ ನೆಗೆಟಿವ್. ಕೊನೆಯ ರಿಪೋರ್ಟ್ ಬಂದ ವಾರವೇ ಕೆಲಸ ಬಿಟ್ಟರು. ಈಗ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿಗೆ ಹೋಗುತ್ತಾರೆ. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, "ಇಲ್ಲೂ ಕೈ ಒಡೀತದೆ, ಆದ್ರೆ ರಾತ್ರಿ ನಿದ್ದೆ ಬರ್ತದೆ ಕಣಮ್ಮ" ಅಂದರು.

ಅಂಕಿಗಳನ್ನೂ ಹೇಳಬೇಕು, ಯಾಕೆಂದರೆ ನಮ್ಮ ಭಯ ತಲೆಕೆಳಗಾಗಿದೆ. ಎಲ್ಲರೂ ಹೆದರುವುದು ಎಚ್‌ಐವಿಗೆ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ, ಮಾತ್ರೆ ತೆಗೆದುಕೊಳ್ಳದಿದ್ದರೂ, ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಹೆಪಟೈಟಿಸ್ ಸಿಗೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಹೆಪಟೈಟಿಸ್ ಬಿಗೆ, ಲಸಿಕೆ ಆಗದವರಲ್ಲಿ, ನೂರಕ್ಕೆ ಆರರಿಂದ ಮೂವತ್ತರವರೆಗೆ. ಸೂಜಿ ಟೊಳ್ಳಾಗಿದ್ದು, ಆಳಕ್ಕೆ ಹೋಗಿ, ಮೇಲೆ ರಕ್ತ ಕಾಣುವಂತಿದ್ದರೆ ಅಪಾಯ ಇನ್ನೂ ಜಾಸ್ತಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನವಾದರೂ ಬದುಕಿರುತ್ತದೆ. ನಿನ್ನೆಯ ಸೂಜಿ, ಮೊನ್ನೆಯ ಸೂಜಿ ಅಂತ ಧೈರ್ಯ ಮಾಡುವ ಹಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಜಾಂಡೀಸ್ ಅಂದರೆ ಕಣ್ಣು ಹಳದಿಯಾಗುವುದು, ನಾಟಿ ಔಷಧಿ ಕುಡಿದು ಪಥ್ಯ ಮಾಡಿದರೆ ಹೋಗುವುದು ಅಂತ ನಂಬಿಕೆ. ಈ ಬಿ ಎಷ್ಟೋ ಜನರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ವರ್ಷಗಟ್ಟಲೆ ಲಿವರಿನಲ್ಲಿ ಕೂತು, ಕೊನೆಗೆ ಸಿರೋಸಿಸ್ಸೋ (ಲಿವರ್ ಗಟ್ಟಿಯಾಗಿ ಕೆಡುವುದು) ಕ್ಯಾನ್ಸರ್ರೋ ಆಗಿ ಹೊರಗೆ ಬರುತ್ತದೆ.

ಬೇಜಾರಿನ ಸಂಗತಿ ಏನೆಂದರೆ, ಮೂರರಲ್ಲಿ ಅತಿ ಸುಲಭವಾಗಿ ತಗಲುವ ಈ ಬಿಗೇ ಒಳ್ಳೆಯ ಲಸಿಕೆ ಇದೆ. ಮೂರು ಡೋಸ್. ಇವತ್ತು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ಮಕ್ಕಳ ಲಸಿಕೆ ಪಟ್ಟಿಗೆ ಅದು ದೇಶದಾದ್ಯಂತ ಸೇರಿದ್ದೇ 2011ರಲ್ಲಿ. ಅಂದರೆ ಇವತ್ತು ಆಸ್ಪತ್ರೆಯಲ್ಲಿ ಕಸ ಎತ್ತುತ್ತಿರುವ ಬಹುತೇಕ ಯಾರಿಗೂ ಚಿಕ್ಕಂದಿನಲ್ಲಿ ಅದು ಸಿಕ್ಕಿಲ್ಲ. ದೊಡ್ಡವರಾದ ಮೇಲೆ ಯಾರಾದರೂ ಕೊಡಿಸಬೇಕು. ಕೊಡಿಸಲೇಬೇಕು ಅಂತ 2016ರ ನಿಯಮದಲ್ಲೇ ಇದೆ, ತ್ಯಾಜ್ಯ ಮುಟ್ಟುವ ಎಲ್ಲರಿಗೂ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲೂ ಆರೋಗ್ಯ ಸಿಬ್ಬಂದಿಗೆ ಲಸಿಕೆ ಇದೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಚುಚ್ಚಿದ ಮೇಲೆ ತಡೆಯುವ ಮಾತ್ರೆಯೂ ಇಲ್ಲ. ಆದರೆ ಪರೀಕ್ಷೆಯಲ್ಲಿ ಸಿಕ್ಕರೆ ಕೆಲವು ತಿಂಗಳ ಮಾತ್ರೆಯಲ್ಲಿ ಪೂರ್ತಿ ವಾಸಿ ಮಾಡಬಹುದು, ಅದೇ ಕಾರ್ಯಕ್ರಮದಲ್ಲಿ ಉಚಿತವಾಗಿ. ಸಿಗಬೇಕಾದರೆ ಪರೀಕ್ಷೆ ಆಗಬೇಕು. ಪರೀಕ್ಷೆ ಆಗಬೇಕಾದರೆ ಚುಚ್ಚಿತು ಅಂತ ಯಾರಾದರೂ ಬಾಯಿ ಬಿಡಬೇಕು.

ಬಾಯಿ ಬಿಟ್ಟವರನ್ನು ಕಾಯುವ ಕಾನೂನು ಇದೆಯಾ ಅಂತ ಹುಡುಕಿದೆ. ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 19ನೇ ಸೆಕ್ಷನ್ ಪ್ರಕಾರ ಪ್ರತಿ ಆಸ್ಪತ್ರೆಯೂ ತನ್ನಲ್ಲಿ ಕೆಲಸ ಮಾಡುವ, ಅಪಾಯಕ್ಕೆ ಒಡ್ಡಿಕೊಳ್ಳುವ ಎಲ್ಲರಿಗೂ ಮುನ್ನೆಚ್ಚರಿಕೆಯ ಸಾಮಾನು, ತರಬೇತಿ, ಪೆಪ್ ಮಾತ್ರೆ ಒದಗಿಸಬೇಕು. ಎಲ್ಲರಿಗೂ ಅಂತ ಇದೆ. ಪರ್ಮನೆಂಟ್ ಆದವರಿಗೆ ಮಾತ್ರ ಅಂತ ಇಲ್ಲ. ಏಜೆನ್ಸಿಯವರನ್ನು ಕೇಳಿ ಅಂತಲೂ ಇಲ್ಲ. ನೌಕರರ ಪರಿಹಾರದ ಕಾನೂನಿನ ರೋಗಗಳ ಪಟ್ಟಿಯಲ್ಲೂ ಆಸ್ಪತ್ರೆ, ಲ್ಯಾಬ್ ಕೆಲಸದಿಂದ ತಗಲುವ ಸೋಂಕುಗಳು ಮೊದಲಿಗೇ ಬರುತ್ತವೆ.

ಈಗ ಆ ಸೊನ್ನೆಯನ್ನು ಇದರ ಪಕ್ಕ ಇಟ್ಟು ನೋಡಿ. ನಾಳೆ ನಮ್ಮ ಲ್ಯಾಬ್ ಹುಡುಗನಿಗೆ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಯಿತು ಅನ್ನಿ. ಕೆಲಸದಿಂದ ಬಂತು ಅಂತ ಅವನು ಹೇಗೆ ತೋರಿಸುತ್ತಾನೆ? ಆಸ್ಪತ್ರೆಯ ದಾಖಲೆಯಲ್ಲಿ ಆ ವರ್ಷ ಯಾರಿಗೂ ಸೂಜಿ ಚುಚ್ಚಿಯೇ ಇಲ್ಲ. ಸರ್ಕಾರಿ ಕಾಗದವೇ ಹಾಗೆ ಹೇಳುತ್ತದೆ. ಬರೆದವಳು ನಾನು. ಸೊನ್ನೆ ಅಂದರೆ ಏನೂ ಇಲ್ಲ ಅಂತ ಶಾಲೆಯಲ್ಲಿ ಕಲಿತಿದ್ದೆ. ಈ ಸೊನ್ನೆ ಹಾಗಲ್ಲ, ಅವನ ಪರಿಹಾರವನ್ನೂ ಚಿಕಿತ್ಸೆಯನ್ನೂ ನುಂಗಿ ಕೂತಿದೆ.

ಇನ್ನೊಂದು ಗುಟ್ಟು. 2016ರ ನಿಯಮಗಳಲ್ಲಿ ದೊಡ್ಡ ಅಪಘಾತ ಅಂದರೆ ಏನು ಅಂತ ವಿವರಿಸುವಾಗ, ಸೂಜಿ ಚುಚ್ಚುವುದನ್ನು ಅದರಿಂದ ಹೊರಗಿಟ್ಟಿದ್ದಾರೆ. ಕಸದ ಲಾರಿ ಮಗುಚಿದರೆ ದೊಡ್ಡ ಅಪಘಾತ, 24 ಗಂಟೆಯಲ್ಲಿ ವರದಿ ಹೋಗಬೇಕು. ಸೂಜಿ ಚುಚ್ಚಿದರೆ ಹಾಗಲ್ಲ. ಅದು ವಾರ್ಷಿಕ ವರದಿಗೆ ಮಾತ್ರ ಬರಬೇಕು. ಇರಲಿ, ಪ್ರತಿ ಸಲ ನಿಮಗೆ ಫೋನ್ ಮಾಡಬೇಕು ಅಂತ ನಾನೂ ಹೇಳುವುದಿಲ್ಲ. ಆದರೆ ಅದು ಬಂದು ಬೀಳಬೇಕಾದ ಒಂದೇ ಒಂದು ಜಾಗ ಆ ಫಾರಂ. ಆ ಜಾಗದಲ್ಲೂ ಸುಳ್ಳು ಇದ್ದರೆ ಬೇರೆಲ್ಲೂ ನಿಜ ಸಿಗುವುದಿಲ್ಲ.

ಆದ್ದರಿಂದ ನನ್ನ ಮೊದಲ ಕೋರಿಕೆ ಇಷ್ಟೇ. ಫಾರಂ 4ರಲ್ಲಿ ಸೊನ್ನೆ ಕಂಡ ಕಡೆ ಸಂತೋಷಪಡಬೇಡಿ, ಅಲ್ಲಿಗೇ ಮೊದಲು ತಪಾಸಣೆ ಕಳಿಸಿ. ಮೂವತ್ತು ಬೆಡ್ಡಿನ ಆಸ್ಪತ್ರೆ ವರ್ಷಪೂರ್ತಿ ಸಾವಿರಾರು ಸೂಜಿ ಬಳಸಿ, ಒಂದೂ ಚುಚ್ಚಲಿಲ್ಲ ಅಂದರೆ ಅದು ಪವಾಡ, ಇಲ್ಲ ಸುಳ್ಳು. ಮೂರೋ ನಾಲ್ಕೋ ಬರೆದ ಆಸ್ಪತ್ರೆಗೆ ದಯವಿಟ್ಟು ನೋಟಿಸು ಕೊಡಬೇಡಿ. ಅವರ ಬೆನ್ನು ತಟ್ಟಿ. ಬರೆದವರಿಗೆ ಶಿಕ್ಷೆ ಆದರೆ ಮುಂದಿನ ವರ್ಷ ಅವರೂ ಸೊನ್ನೆ ಬರೆಯುತ್ತಾರೆ. ತಪಾಸಣೆಗೆ ಬರುವವರು ಮ್ಯಾನೇಜರ್ ರೂಮಿನಲ್ಲಿ ಕಾಫಿ ಕುಡಿದು ಫೈಲು ನೋಡಿ ಹೋಗದೆ, ಆಯಾ ಒಬ್ಬರನ್ನು ಪಕ್ಕಕ್ಕೆ ಕರೆದು ಎರಡು ಮಾತು ಕೇಳಲಿ. ಲಸಿಕೆ ಎಷ್ಟು ಡೋಸ್ ಆಗಿದೆ? ಚುಚ್ಚಿದರೆ ಎಲ್ಲಿಗೆ ಹೋಗುತ್ತೀರಿ? ಐದು ನಿಮಿಷ ಸಾಕು, ಇಡೀ ಆಸ್ಪತ್ರೆಯ ಹಣೆಬರಹ ಗೊತ್ತಾಗುತ್ತದೆ.

ಎರಡನೆಯದಕ್ಕೆ ಖರ್ಚೇ ಇಲ್ಲ. ಒಂದು ಹಾಳೆ. ಪಾವಗಡದಿಂದ ಕುಣಿಗಲ್‌ವರೆಗೆ, ತಿಪಟೂರಿನಿಂದ ಕೊರಟಗೆರೆವರೆಗೆ, ಪ್ರತಿ ತಾಲ್ಲೂಕಿನಲ್ಲಿ ಪೆಪ್ ಮಾತ್ರೆ ಯಾವ ಆಸ್ಪತ್ರೆಯ ಯಾವ ಕೋಣೆಯಲ್ಲಿ ಇದೆ, ರಾತ್ರಿ ಯಾರ ಕೈಯಲ್ಲಿ ಬೀಗ ಇರುತ್ತದೆ, ಯಾವ ನಂಬರಿಗೆ ಫೋನ್ ಮಾಡಬೇಕು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಕೆಳಗೆ ಮೂರು ಸಾಲು: ಸೋಪು ನೀರಲ್ಲಿ ತೊಳೆಯಿರಿ, ಹಿಂಡಬೇಡಿ, ಎರಡು ಗಂಟೆಯ ಒಳಗೆ ಹೋಗಿ. ಅದನ್ನು ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಅಂಟಿಸುವುದು ಬೇಡ. ಬೆಡ್‌ಪ್ಯಾನ್ ತೊಳೆಯುವ ಸ್ಲೂಯಿಸ್ ರೂಮಿನಲ್ಲಿ, ಲ್ಯಾಬಿನಲ್ಲಿ, ನರ್ಸ್‌ಗಳು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅಂಟಿಸಬೇಕು. ತುಮಕೂರು ನಗರದವರಿಗೆ ಇದು ಅಷ್ಟು ದೊಡ್ಡದಾಗಿ ಕಾಣದೇ ಇರಬಹುದು. ಪಾವಗಡದವರಿಗೆ ಆ ಹಾಳೆ ನೂರು ಕಿಲೋಮೀಟರ್ ಉಳಿಸುತ್ತದೆ.

ಮೂರನೆಯದಕ್ಕೆ ನಿಮ್ಮ ಕೆಪಿಎಂಇ ಕುರ್ಚಿ ಬೇಕು. ನೋಂದಣಿ ನವೀಕರಣಕ್ಕೆ ಬರುವ ಪ್ರತಿ ಆಸ್ಪತ್ರೆಯಿಂದ ಸಿಬ್ಬಂದಿಯ ಹೆಪಟೈಟಿಸ್ ಬಿ ಲಸಿಕೆಯ ಪಟ್ಟಿ ಕೇಳಿ. ಏಜೆನ್ಸಿಯವರೂ ಅದರಲ್ಲಿರಲಿ. ಒಂದು ಡೋಸ್ ಹಾಕಿಸಿ ಫೋಟೋ ತೆಗೆಸಿ ಮುಗಿಸುವುದಲ್ಲ, ಮೂರೂ ಆಗಬೇಕು. ಮೂರು ಆದ ಒಂದೆರಡು ತಿಂಗಳಿಗೆ ರಕ್ತದಲ್ಲಿ ರೋಗನಿರೋಧಕ ಶಕ್ತಿ ಬಂದಿದೆಯಾ ಅಂತ ಒಂದು ಪರೀಕ್ಷೆ ಇದೆ, ಅದನ್ನೂ ಮಾಡಿಸಲಿ. ಕೆಲವರಿಗೆ ಲಸಿಕೆ ಹಾಕಿದರೂ ಶಕ್ತಿ ಬಂದಿರುವುದಿಲ್ಲ. ಸೂಜಿ ಚುಚ್ಚಿದವರ ಪರೀಕ್ಷೆಯ ಖರ್ಚು, ಹೋಗಿ ಬರುವ ದಿನದ ಕೂಲಿ ಆಸ್ಪತ್ರೆಯೇ ಕೊಡಬೇಕು ಅಂತಲೂ, ಅವರ ಹೆಸರು ಗುಟ್ಟಾಗಿ ಇರಬೇಕು ಅಂತಲೂ ಅದೇ ಆದೇಶದಲ್ಲಿ ಸೇರಿಸಿ. ರಾಗಿ ಡಬ್ಬದಲ್ಲಿ ಮಾತ್ರೆ ಬಚ್ಚಿಡುವ ಕಷ್ಟ ಇನ್ನೊಬ್ಬರಿಗೆ ಬೇಡ.

ಪೌರಕಾರ್ಮಿಕರನ್ನು ಮರೆತರೆ ಈ ಪತ್ರ ಅರ್ಧ ಆಗುತ್ತದೆ. ನಮ್ಮಪ್ಪನಿಗೆ ಶುಗರ್. ದಿನಕ್ಕೆ ಎರಡು ಸಲ ಇನ್ಸುಲಿನ್. ನರ್ಸ್ ಮಗಳು ಮನೆಯಲ್ಲಿದ್ದೂ, ಅವರು ಬಹಳ ದಿನ ಸೂಜಿಯನ್ನು ಹಾಲಿನ ಕವರ್ ಒಳಗೆ ಸುತ್ತಿ ಕಸಕ್ಕೆ ಹಾಕುತ್ತಿದ್ದರು. ನಾನು ಗಮನಿಸಿಯೇ ಇರಲಿಲ್ಲ! ಅಕ್ಕನ ಘಟನೆ ಆದ ಮೇಲೆ ಕಣ್ಣಿಗೆ ಬಿತ್ತು. ಈಗ ಖಾಲಿ ಶಾಂಪೂ ಬಾಟಲಿಗೆ ಹಾಕಿಸಿ, ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ ನಾನೇ ಆಸ್ಪತ್ರೆಗೆ ತರುತ್ತೇನೆ. ಎಲ್ಲರ ಮನೆಯಲ್ಲೂ ನರ್ಸ್ ಇರುವುದಿಲ್ಲ. ಮನೆಯ ಸೂಜಿಯನ್ನು ಅಪಾಯಕಾರಿ ಕಸ ಅಂತಲೇ 2016ರ ಘನತ್ಯಾಜ್ಯ ನಿಯಮಗಳು ಲೆಕ್ಕ ಹಾಕಿದ್ದವು. ಆದರೆ ನಮ್ಮ ಬೀದಿಗೆ ಬರುವ ಆಟೋದಲ್ಲಿ ಹಸಿ ಕಸ, ಒಣ ಕಸ ಎರಡೇ ಬಾಯಿ. ಒಣ ಕಸವನ್ನು ಆ ಹೆಂಗಸರು ಕೈಯಲ್ಲೇ ಬೇರೆ ಮಾಡುತ್ತಾರೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಹೇಳಿ ಆಟೋಗೊಂದು ಮುಚ್ಚಳದ ಗಟ್ಟಿ ಡಬ್ಬ ಕೊಡಿಸಿ. ಲಸಿಕೆಯ ಪಟ್ಟಿಯಲ್ಲಿ ಆ ಹೆಂಗಸರ ಹೆಸರೂ ಬರಲಿ.

ಇದನ್ನು ಓದುವ ಊರಿನವರಿಗೂ ಒಂದು ಮಾತು. ನೆಗಡಿ ಜ್ವರಕ್ಕೆ ಬಂದು "ಒಂದು ಸೂಜಿ ಹಾಕಿ ಸಿಸ್ಟರ್, ಮಾತ್ರೆಗೆ ಹೋಗಲ್ಲ" ಅಂತ ಹಟ ಮಾಡುತ್ತೀರಲ್ಲ, ಆ ಸೂಜಿ ನಿಮ್ಮ ಮೈಯಿಂದ ಹೊರಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಒಂದು ಗಳಿಗೆ ಯೋಚನೆ ಮಾಡಿ. ಬೇಡದ ಸೂಜಿ ಹಾಕದಿದ್ದರೆ ನಮಗೆ ಚುಚ್ಚುವ ಸೂಜಿಯೂ ಒಂದು ಕಮ್ಮಿ.

ಮಾನ್ಯರೇ, ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಬೇರೆ ಒಂದು ಲಕೋಟೆ ಕಳಿಸಿದ್ದೇನೆ. ಆ ವರ್ಷದ ಐದೂ ಘಟನೆಗಳು ಅದರಲ್ಲಿವೆ. ತಿಂಗಳು, ಹೊತ್ತು, ಯಾವ ಕೆಲಸ ಮಾಡುವಾಗ ಆಯಿತು, ಎಷ್ಟು ಹೊತ್ತಿಗೆ ಚಿಕಿತ್ಸೆ ಸಿಕ್ಕಿತು ಅಥವಾ ಸಿಗಲಿಲ್ಲ. ಯಾರ ಹೆಸರೂ ಇಲ್ಲ. ಹಾಳೆಯ ಮೇಲೆ "ಅಪಘಾತಗಳ ಸಂಖ್ಯೆ: 5" ಅಂತ ಬರೆದಿದ್ದೇನೆ. ನಾನು ಅವತ್ತು ಬರೆದ ಸೊನ್ನೆಯ ಜಾಗಕ್ಕೆ ಅದನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸ್ಟಾಫ್ ನರ್ಸ್
ತುಮಕೂರು ಜಿಲ್ಲೆ